ಕೋಲಾರದ ತಂತಿ, ಬೆಂಗಳೂರಿನ ವಿಮಾನ

ಕೋಲಾರ ತಾಲ್ಲೂಕಿನ ಸುಗಟೂರನ್ನು ನಿಮ್ಮಲ್ಲಿ ಅನೇಕರು ನೋಡಿರಲಾರಿರಿ; ಹೆಸರನ್ನಾದರೂ ಕೇಳಿರಬಹುದು. ವಿಜಯನಗರದ ಅರಸರ ಕಾಲದಲ್ಲಿ ಈ ಊರಿನ ಹೆಸರು ಹೊತ್ತ ಪಾಳೆಯಗಾರರ ಮನೆತನವೊಂದು ಆ ಸೀಮೆಯಲ್ಲಿ ಪ್ರಬಲವಾಗಿತ್ತು. ಆ ಮನೆತನದ ತಮ್ಮೇಗೌಡ ೧೬ನೆಯ ಶತಮಾನದ ಕೊನೆಯ ಭಾಗದಲ್ಲಿ ಪಡುವಣ ದಿಕ್ಕಿಗೆ ಬಂದು ಹೊಸದೊಂದು ಕೋಟೆಯನ್ನು ಕಟ್ಟಿಸಿದ, ಅದರ ಪಕ್ಕದಲ್ಲಿ ದೊಡ್ಡದೊಂದು ಕೆರೆಯನ್ನೂ ಕಟ್ಟಿಸಿದ. ಅದೇ ಹೊಸಕೋಟೆ. ಕೋಲಾರದಿಂದ ಬೆಂಗಳೂರಿಗೆ ಬರುವ ಹಳೆಯ ಮದರಾಸು ರಸ್ತೆ ಇಂದಿಗೂ ಹೊಸಕೋಟೆಯ ಮೇಲೆಯೇ ಹಾದುಬರುತ್ತದೆ. ಅದೇ ದಾರಿಯಲ್ಲಿ ಇನ್ನಷ್ಟು ಮುಂದೆ ಬಂದರೆ, ಬೆಂಗಳೂರು ನಗರ ಮೊದಲಾಗುವ ಕಡೆ, ಎಡಕ್ಕೆ ವಿಮಾನಪುರ. ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆ, ನಮ್ಮ ಜನರ ಬಾಯಲ್ಲಿ ಎಚ್.ಎ.ಎಲ್., ಇರುವುದು ಅಲ್ಲಿ. ೨೦೦೮ರ ಮೇ ತಿಂಗಳಿನವರೆಗೆ ಬೆಂಗಳೂರಿನಿಂದ ವಿಮಾನ ಹತ್ತಿದವರೆಲ್ಲರೂ ಈ ಕಾರ್ಖಾನೆಯ ಓಡುದಾರಿಯಿಂದಲೇ ಮೇಲಕ್ಕೆ ಏರಿದವರು.

ಈ ಕಾರ್ಖಾನೆಯ ಹುಟ್ಟಿನ ಕಥೆಯನ್ನು ಸಾಮಾನ್ಯವಾಗಿ ನಾಲ್ಕು ಮಾತಿನಲ್ಲಿ ಮುಗಿಸುವುದುಂಟು. ಮುಂಬಯಿಯ ಸಾಹುಕಾರರೊಬ್ಬರು ಬಂದರು, ಮೈಸೂರು ಸಂಸ್ಥಾನ ನೆರವಾಯಿತು, ವಿಮಾನ ಹಾರಿತು ಎಂದು. ಇದು ಸುಳ್ಳಲ್ಲ. ಆದರೆ ಬೆಂಗಳೂರೇ ಏಕೆ ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಉತ್ತರ ಬೇಕಾದರೆ ಬಂದ ದಾರಿಯಲ್ಲೇ ಹಿಂದಿರುಗಿ ಮತ್ತೆ ಕೋಲಾರದ ಕಡೆಗೆ ಹೋಗಬೇಕು.

ಕೋಲಾರ ಎಂದ ಕೂಡಲೇ ಕೆಲವರು ಹೈದರಾಲಿಯನ್ನು ನೆನೆಯುತ್ತಾರೆ. ಅವನು ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಬಳಿ ಬಾಣಗಾರರ ಒಂದು ಸಣ್ಣ ತುಕಡಿಯ ನಾಯಕನಾಗಿದ್ದವನು. ಅವನ ಗೋರಿ ಕೋಲಾರ ಪಟ್ಟಣದಲ್ಲಿದೆ. ಕಬ್ಬಿಣದ ಕೊಳವೆಗೆ ಮದ್ದು ತುಂಬಿದ ಮೈಸೂರಿನ ಬಾಣಗಳು ೧೭೮೦ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ್ದೂ, ಆಮೇಲೆ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ಎಂಬಾತ ಅವುಗಳ ಮೇಲ್ಪಂಕ್ತಿಯನ್ನು ಹಿಡಿದದ್ದೂ ಪ್ರಸಿದ್ಧವಾದ ಸಂಗತಿ. ಆ ಬಾಣಕ್ಕೂ ಈ ವಿಮಾನಕ್ಕೂ ಗಂಟು ಹಾಕಿ ಹೆಮ್ಮೆಪಡುವವರಿದ್ದಾರೆ. ನನಗೇನೋ ಅದು ಎಳೆದು ತಂದ ನಂಟೆಂದು ತೋರುತ್ತದೆ. ನಡುವೆ ಒಂದೂವರೆ ಶತಮಾನದ ಬರಿದು ಬಯಲಿದೆ. ಒಬ್ಬ ಕುಶಲಕರ್ಮಿಯೂ ಆ ಬಯಲನ್ನು ದಾಟಿ ಈಚೆಗೆ ಬಂದಂತೆ ಕಾಣುವುದಿಲ್ಲ. ನಿಜವಾದ ನಂಟು ಬಾಣದ್ದಲ್ಲ, ತಂತಿಯದು.

ಕೋಲಾರದ ಚಿನ್ನದ ಗಣಿಗಳನ್ನು ಜಾನ್ ಟೇಲರ್ ಕಂಪೆನಿಯವರು ೧೮೮೦ರ ಸುಮಾರಿನಿಂದ ಹೊಸ ಕ್ರಮದಲ್ಲಿ ತೋಡತೊಡಗಿದರು. ಗಣಿ ಆಳವಾದಷ್ಟೂ ನೀರೆತ್ತಲು, ಅದಿರು ಎಳೆಯಲು, ಕಲ್ಲು ಅರೆಯಲು ಹೆಚ್ಚು ಹೆಚ್ಚು ಶಕ್ತಿ ಬೇಕು. ಉಗಿಯಂತ್ರಗಳಿಗೆ ಕಲ್ಲಿದ್ದಲನ್ನು ದೂರದಿಂದ ತರಬೇಕು, ಇಲ್ಲವೇ ಸುತ್ತಣ ಕಾಡಿನ ಸೌದೆ ಉರಿಸಬೇಕು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ವಿದ್ಯುತ್ತನ್ನು ತೆಗೆದು ೯೨ ಮೈಲಿಗಳಾಚೆಯ ಗಣಿಗೆ ತಂತಿಯ ಮೇಲೆ ಕಳಿಸುವ ಸಾಹಸಕ್ಕೆ ಕೈಯಿಟ್ಟಿತು. ೧೯೦೨ರಲ್ಲಿ ಗಣಿಗೆ ವಿದ್ಯುತ್ತು ಮುಟ್ಟಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ದ ತಂತಿ ಆ ಕಾಲಕ್ಕೆ ಲೋಕದಲ್ಲೇ ಅಪರೂಪ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ೧೯೦೫ರಲ್ಲಿ, ಎಂದರೆ ಗಣಿಗೆ ಬಂದ ಮೂರು ವರ್ಷದ ಮೇಲೆ. ರಾಜಧಾನಿಗಿಂತ ಮೊದಲು ಗಣಿ! ಗಣಿಯ ಕಂಪೆನಿ ಕೊಂಡ ವಿದ್ಯುತ್ತಿನ ಹಣ ಸರ್ಕಾರಕ್ಕೆ ವರ್ಷ ವರ್ಷವೂ ಬರುತ್ತಿದ್ದುದರಿಂದ ಶಿವನಸಮುದ್ರದ ಕೆಲಸ ಬೆಳೆಯಿತು. ಅದು ಬೆಳೆದದ್ದರಿಂದ ಬೆಂಗಳೂರಿನಲ್ಲಿ ಗಿರಣಿಗಳೂ ಕಾರ್ಖಾನೆಗಳೂ ನಿಲ್ಲಲು ಅನುವಾಯಿತು. ೧೯೦೯ರಲ್ಲಿ ತಾತಾ ವಿಜ್ಞಾನ ಮಂದಿರವೂ ಇಲ್ಲಿಯೇ ಸ್ಥಾಪನೆಯಾಯಿತು. ಹೀಗೆ ವಿದ್ಯುತ್ತು, ವಿದ್ಯೆ, ಯಂತ್ರ ತಿಳಿದ ಕೈಗಳು, ಈ ಮೂರೂ ಒಂದೆಡೆ ಕೂಡಿದ ಊರು ಆಗಿನ ದಕ್ಷಿಣದಲ್ಲಿ ಎಷ್ಟಿತ್ತು?

ಇನ್ನು ಮುಂಬಯಿಯ ಸಾಹುಕಾರರ ಮಾತು. ವಾಲ್‌ಚಂದ್ ಹೀರಾಚಂದರು ಹಡಗು, ಕಟ್ಟಡ, ಸಕ್ಕರೆ ಎಲ್ಲದರಲ್ಲಿಯೂ ಕೈಯಾಡಿಸಿದವರು. ಮೋಟಾರು ಕಾರನ್ನು ಈ ದೇಶದಲ್ಲೇ ಕಟ್ಟಬೇಕೆಂಬುದು ಅವರ ಹಂಬಲ. ಸರ್. ಎಂ. ವಿಶ್ವೇಶ್ವರಯ್ಯನವರ ಹಂಬಲವೂ ಅದೇ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ೨೦೦೭ರವರೆಗೆ ಕೋಲಾರ ಜಿಲ್ಲೆಗೇ ಸೇರಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಬೆಂಗಳೂರಿನಲ್ಲಿ ಕಾರಿನ ಕಾರ್ಖಾನೆಯಾಗಲೆಂದು ಅವರು ಪಟ್ಟ ಪ್ರಯತ್ನಕ್ಕೆ ಬ್ರಿಟಿಷ್ ಸರ್ಕಾರ ಅಡ್ಡ ಬಂದಿತು. ಮುಂದೆ ವಾಲ್‌ಚಂದರ ಕಾರಿನ ಕಂಪೆನಿ ಮುಂಬಯಿಯ ಪಾಲಾಯಿತು. ಕಾರು ತಪ್ಪಿದ ಊರಿಗೆ ವಿಮಾನ ಒದಗಿತು!

೧೯೩೯ರಲ್ಲಿ ಅಮೆರಿಕದ ಪ್ರಯಾಣದ ದಾರಿಯಲ್ಲಿ ವಾಲ್‌ಚಂದರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ನರ ಪರಿಚಯವಾಯಿತು. ಪಾಲಿ ಚೀಣಾ ದೇಶದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸಿದವರು. ಅಷ್ಟರಲ್ಲಿ ಯುದ್ಧ ಮೊದಲಾಗಿತ್ತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ೧೯೪೦ರ ಆಗಸ್ಟಿನಲ್ಲಿ ತೀರಿಕೊಂಡಿದ್ದರು. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದು ಕೆಲವೇ ತಿಂಗಳಾಗಿತ್ತು. ದಿವಾನ್ ಮಿರ್ಜಾ ಇಸ್ಮಾಯಿಲರು ಬಂದ ಅವಕಾಶವನ್ನು ಬಿಡಲಿಲ್ಲ. ನೆಲವನ್ನೂ ಬಂಡವಾಳದಲ್ಲಿ ಪಾಲನ್ನೂ ಕೊಡಲು ಮೈಸೂರು ಮುಂದಾಯಿತು. ೧೯೪೦ನೆಯ ಇಸವಿ ಡಿಸೆಂಬರ್ ೨೩ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ನೋಂದಣಿಯಾಯಿತು. ಎಂಟು ತಿಂಗಳೊಳಗೆ, ೧೯೪೧ರ ಆಗಸ್ಟಿನಲ್ಲಿ, ಹಾರ್ಲೋ ಎಂಬ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಿ ಹಾರಿಸಿಯೇ ಬಿಟ್ಟರು.

ಇಷ್ಟಾದರೂ ವಾಲ್‌ಚಂದರಿಗೆ ಈ ಸಂಸ್ಥೆ ಬಹುಕಾಲ ದಕ್ಕಲಿಲ್ಲ. ಜಪಾನಿನವರು ಬರ್ಮಾ ದೇಶದೊಳಕ್ಕೆ ನುಗ್ಗಿದಾಗ, ೧೯೪೨ರ ಏಪ್ರಿಲಿನಲ್ಲಿ, ಭಾರತ ಸರ್ಕಾರ ಅವರ ಪಾಲನ್ನು ಕೊಂಡುಕೊಂಡಿತು. ಮೈಸೂರು ಮಾತ್ರ ತನ್ನ ಪಾಲನ್ನು ಮಾರಲೊಪ್ಪಲಿಲ್ಲ. ಆಡಳಿತವನ್ನು ಬಿಟ್ಟುಕೊಟ್ಟಿತು, ಒಡೆತನವನ್ನು ಉಳಿಸಿಕೊಂಡಿತು. ೧೯೪೩ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಹೊಸ ವಿಮಾನ ಕಟ್ಟುವ ಕನಸು ಅಲ್ಲಿಗೆ ಬದಿಗೆ ಸರಿಯಿತು. ಆದರೆ ಬರ್ಮಾ ರಣರಂಗದಿಂದ ಬಂದ ಬಗೆಬಗೆಯ ವಿಮಾನಗಳನ್ನು ಬಿಚ್ಚಿ, ತೊಳೆದು, ಸರಿಪಡಿಸಿ, ಮತ್ತೆ ಜೋಡಿಸಿದವರು ಇಲ್ಲಿನ ಕೆಲಸಗಾರರು. ಅದಕ್ಕಿಂತ ದೊಡ್ಡ ಪಾಠಶಾಲೆ ಯಾವುದಿದ್ದೀತು!

ಯುದ್ಧ ಮುಗಿದ ಮೇಲೆ ಕೆಲಸವಿಲ್ಲದೆ ಕುಳಿತ ಕೈಗಳಿಗೆ ರೈಲು ಗಾಡಿಗಳನ್ನೂ ಬಸ್ಸಿನ ಮೈಗಳನ್ನೂ ಕಟ್ಟುವ ಕೆಲಸ ಬಂದಿತು. ವಿಮಾನದ ಕಾರ್ಖಾನೆಗೆ ಇದು ಇಳಿತವೆಂದು ಮೂಗು ಮುರಿದವರಿದ್ದರೇನೋ. ಈ ರೈಲು ಗಾಡಿಯ ಮಾತಿಗೆ ಮತ್ತೆ ಬರುತ್ತೇನೆ. ಆ ನಡುವೆ ಡಾಕ್ಟರ್ ವಿ. ಎಂ. ಘಾಟಗೆಯವರ ತಂಡ ಎಚ್.ಟಿ.-೨ ಎಂಬ ತರಬೇತಿ ವಿಮಾನವನ್ನು ಸ್ವಂತ ನಕ್ಷೆಯಿಂದ ಕಟ್ಟಿತು. ಅದು ಹಾರಿದ್ದು ೧೯೫೧ರಲ್ಲಿ. ಮುಂದೆ ಜರ್ಮನಿಯ ಕುರ್ಟ್ ಟ್ಯಾಂಕ್ ಬಂದು ನೆಲೆಸಿ ಮಾರುತ್ ಎಂಬ ಜೆಟ್ ಕಾಳಗ ವಿಮಾನವನ್ನು ರೂಪಿಸಿದರು. ೧೯೬೧ರ ಜೂನಿನಲ್ಲಿ ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. ಬೆಂಗಳೂರಿನವರಿಗೆ ಆ ಹೆಸರು ರಸ್ತೆಯ ಹೆಸರಾಗಿ ಪರಿಚಿತ. ೧೯೭೦ರಲ್ಲಿ ಮಾರುತ್ ವಿಮಾನವನ್ನೇ ಪರೀಕ್ಷಿಸುವಾಗ ಅವರು ಪ್ರಾಣಬಿಟ್ಟರು. ಮಾರುತ್‌ನ ಮೈ ಸೊಗಸಾಗಿತ್ತು, ಎಂಜಿನ್ನಿನ ಬಲ ಸಾಲಲಿಲ್ಲ. ೧೪೭ ವಿಮಾನ ಕಟ್ಟಿ ನಿಲ್ಲಿಸಿದರು. ತಕ್ಕ ಎಂಜಿನ್ನು ನಮ್ಮಲ್ಲಿ ಇಲ್ಲದಿದ್ದ ಕೊರತೆ ಅಂದಿನಿಂದ ಬೆನ್ನು ಬಿಟ್ಟಿಲ್ಲ. ಇಂದಿನ ತೇಜಸ್ ಕೂಡ ಅಮೆರಿಕದ ಎಂಜಿನ್ನಿನಿಂದಲೇ ಹಾರುತ್ತದೆ.

೧೯೬೪ರ ಅಕ್ಟೋಬರ್ ೧ರಂದು ಬೇರೆ ಸರ್ಕಾರಿ ವಿಮಾನ ಸಂಸ್ಥೆಯೊಂದಿಗೆ ಕೂಡಿ ಇದು ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಅದೇ ವರ್ಷ ಹುಟ್ಟಿದ ಭಾರತ್ ಅರ್ತ್ ಮೂವರ್ಸ್ ಎಂಬ ಸಂಸ್ಥೆ ಎಚ್.ಎ.ಎಲ್.ನ ರೈಲು ಗಾಡಿಯ ಕಾರ್ಖಾನೆಯನ್ನು ವಹಿಸಿಕೊಂಡಿತು. ಅದರ ಇನ್ನೊಂದು ದೊಡ್ಡ ಕಾರ್ಖಾನೆ ಎದ್ದದ್ದು ಎಲ್ಲಿ? ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ! ನೆಲ ಅಗೆಯುವ ದೊಡ್ಡ ಯಂತ್ರಗಳು ಅಲ್ಲಿ ತಯಾರಾಗುತ್ತವೆ. ಮಾರಿಕುಪ್ಪದ ರೈಲು ದಾರಿಯಲ್ಲಿ ಬೆಮಲ್ ನಗರವೆಂದೇ ಒಂದು ನಿಲ್ದಾಣವಿದೆ. ತಂತಿ ತಂದುಕೊಟ್ಟ ಊರಿಗೆ ಬೆಂಗಳೂರಿನಿಂದ ಹಿಂದಿರುಗಿದ ಮೊದಲ ಕಂತು ಇದೆಂದು ನಾನು ಎಣಿಸುತ್ತೇನೆ.

ಆದರೆ ಆ ಕಂತು ಸಾಲಲಿಲ್ಲ. ೨೦೦೧ನೆಯ ಇಸವಿಯ ಮೊದಲ ಎರಡು ತಿಂಗಳನ್ನು ನೋಡಿ. ಜನವರಿ ೪ರಂದು ಎಚ್.ಎ.ಎಲ್. ಓಡುದಾರಿಯಿಂದ ತೇಜಸ್ ಮೊದಲ ಸಲ ಹಾರಿತು. ಫೆಬ್ರವರಿ ೨೮ರಂದು ಚಿನ್ನದ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ ಚಿನ್ನ ಕೊಟ್ಟು, ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದ ಗಣಿ ಅದು. ಗಣಿಯ ಮನೆಗಳಲ್ಲಿ ಹುಟ್ಟಿ ಬೆಳೆದವರು ಸಾವಿರಾರು ಜನ ನಸುಕಿನಲ್ಲೆದ್ದು, ಬುತ್ತಿ ಕಟ್ಟಿಕೊಂಡು, ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದು ವಾಡಿಕೆಯಾಯಿತು. ಸಂಜೆಯ ರೈಲಿನಲ್ಲಿ ಒಮ್ಮೆ ನೀವು ಬಂಗಾರಪೇಟೆಯವರೆಗೆ ಹೋಗಿ ನೋಡಿ. ನಿಲ್ಲಲು ಜಾಗ ಸಿಕ್ಕರೆ ಅದೃಷ್ಟ.

ಎಚ್.ಎ.ಎಲ್. ಈಚೆಗೆ ಪಡುವಣಕ್ಕೂ ಹರಡಿದೆ. ೨೦೨೩ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಅದರ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಯಿತು. ಮೂಡಣದ ಪಾಲಿಗೆ ಬಂದದ್ದು ಬೇರೊಂದು. ಏರ್‌ಬಸ್ ಸಂಸ್ಥೆಯ ಎಚ್-೧೨೫ ಎಂಬ ಹೆಲಿಕಾಪ್ಟರನ್ನು ಟಾಟಾ ಸಂಸ್ಥೆಯವರು ಕೋಲಾರದ ವೇಮಗಲ್‌ನಲ್ಲಿ ಜೋಡಿಸುವರೆಂದು ೨೦೨೫ರಲ್ಲಿ ಪ್ರಕಟವಾಯಿತು. ಇದೇ ಜಾತಿಯ ಹೆಲಿಕಾಪ್ಟರೊಂದು ೨೦೦೫ರಲ್ಲಿ ಎವರೆಸ್ಟ್ ಶಿಖರದ ನೆತ್ತಿಯ ಮೇಲೆ ಇಳಿದಿತ್ತು.

ಇಲ್ಲಿ ಒಂದು ಲೆಕ್ಕವನ್ನು ಕೇಳುವುದು ಅಗತ್ಯ. ಯುದ್ಧಕಾಲದಲ್ಲಿ ವಿಮಾನಪುರಕ್ಕೆ ಸೇರಿದ ಹುಡುಗರಲ್ಲಿ ಬಹುಮಂದಿ ಅದುವರೆಗೆ ವಿಮಾನವನ್ನು ಹತ್ತಿರದಿಂದ ಕಂಡವರಲ್ಲ. ಅವರಿಗೆ ಕೈಹಿಡಿದು ಕಲಿಸಿದರು. ೧೯೪೨ರಲ್ಲೇ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆದು ಎಂಜಿನಿಯರುಗಳನ್ನು ತಯಾರು ಮಾಡಿದರು. ವೇಮಗಲ್‌ನ ಬಾಗಿಲಲ್ಲಿ ಸುಗಟೂರಿನ ಕಡೆಯ ಹುಡುಗನೊಬ್ಬ ನಿಂತರೆ ಅವನ ಕೈಗೆ ಕಾವಲುಗಾರನ ಕೋಲು ಬರುವುದೋ, ಫಿಟ್ಟರನ ಸ್ಪ್ಯಾನರು ಬರುವುದೋ? ಕೋಲಾರದ ಐ.ಟಿ.ಐ.ಗಳಲ್ಲಿಯೂ ಪಾಲಿಟೆಕ್ನಿಕ್‌ಗಳಲ್ಲಿಯೂ ಈ ಕೆಲಸಕ್ಕೆ ಬೇಕಾದದ್ದನ್ನು ಈ ಒಂದೆರಡು ವರ್ಷಗಳಲ್ಲಿ ಕಲಿಸುವರೋ ಇಲ್ಲವೋ ಎಂಬುದನ್ನು, ಆ ಕಡೆ ನಂಟರಿರುವ ನೀವು ಮುಂದಿನ ಸಲ ಹೋದಾಗ ವಿಚಾರಿಸಿ ಬನ್ನಿ.