ಗೋಣಿಚೀಲದಿಂದ ಡ್ಯಾಂಪಿಂಗ್ ಶೀಟಿನವರೆಗೆ

ಸ್ಪೋರ್ಟ್ಸ್ ಕಾರಿಗೆ ಡ್ಯಾಂಪಿಂಗ್ ಶೀಟ್ ಹಾಕಿಸುವ ಹುಡುಗರಿಗೆ ಗಾಡಿಯ ಸದ್ದು ಅಡಗಿಸುವುದು ಹೊಸ ಶೋಕಿ. ರಾಣೆಬೆನ್ನೂರಿನಲ್ಲಿ ಕುಶನ್ ಕೆಲಸ ಮಾಡುತ್ತಲೇ ಮುದುಕನಾದ ನನಗೆ ಇದು ಲಾರಿಯವರ ಹಳೇ ವಿದ್ಯೆ.

ಟಾಟಾದವರು 1954ರಲ್ಲಿ ಬೆಂಜ್ ಜೊತೆ ಸೇರಿ ಲಾರಿ ತಯಾರಿಸತೊಡಗಿದರು. ಆಮೇಲೂ ಬಹಳ ಕಾಲ ಎಷ್ಟೋ ಲಾರಿಗಳು ಬರೀ ಚಾಸಿಯಾಗಿ ಬರುತ್ತಿದ್ದವು. ಕಟ್ಟಿಗೆ, ತಗಡಿನ ಕ್ಯಾಬಿನ್ ಕಟ್ಟುವವರು ಬಡಗಿಗಳು. ಎಂಜಿನ್ ಡ್ರೈವರನ ಪಕ್ಕದಲ್ಲೇ. ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಹಾವೇರಿ ದಾಟುವಾಗ ಕ್ಲೀನರ್ ಕೂಗಿದ್ದೂ ಕೇಳುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ಮಡಿಸಿದ ಗೋಣಿಚೀಲ, ಅದರ ಮೇಲೆ ಹಳೇ ಕೌದಿ ಹಾಸಿ, ರೆಕ್ಸಿನ್ ಬಿಗಿದು ದಬ್ಬಣದಿಂದ ಹೊಲಿಯುತ್ತಿದ್ದೆವು. ಸದ್ದಿನ ಜೊತೆ ಕಾವೂ ಇಳಿಯುತ್ತಿತ್ತು. ಆದರೆ ಗೋಣಿ ಡೀಸೆಲ್ ಕುಡಿದರೆ ಬೆಂಕಿಯ ಭಯ. ಈಗ ಯಾರು ಕೇಳಿದರೂ ಹಾಕಿಕೊಡುವುದಿಲ್ಲ.

ಆಮೇಲೆ ಫೋಮ್ ಬಂತು. ಬರೀ ಫೋಮಿಗೆ ತಗಡಿನ ನಡುಕ ನಿಲ್ಲದು. ಮೊದಲು ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಅಂಟಿಸಿ ರೋಲರಿನಿಂದ ಒತ್ತಬೇಕು. ಬಾಗಿಲಿನ ರಬ್ಬರ್ ಬೀಡಿಂಗ್ ಹರಿದಿದ್ದರೆ ಅದೆಲ್ಲ ದಂಡ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳ ಕ್ಯಾಬಿನ್ನಿಗೆ ಕೇಂದ್ರ ಸರ್ಕಾರ ಎ.ಸಿ. ಕಡ್ಡಾಯ ಮಾಡಿದೆ. ಗಾಜು ಮುಚ್ಚಿ ಓಡಿಸಿದರೆ ಗದ್ದಲ ಎಷ್ಟೋ ಕಡಿಮೆ. ಹಳೇ ಗಾಡಿಯವರೇ, ಮೊದಲು ಬೀಡಿಂಗ್ ಬದಲಿಸಿ. ಶೀಟಿನ ಖರ್ಚು ಆಮೇಲೆ ನೋಡೋಣ.