ಬೊಮ್ಮನಹಳ್ಳಿಗೆ ಕರೆಂಟು ಎಲ್ಲಿಂದ ಬಂತು?

ನಮ್ಮ ಬೊಮ್ಮನಹಳ್ಳಿಯಲ್ಲಿ ಕರೆಂಟು ಹೋದ ಅರ್ಧ ನಿಮಿಷಕ್ಕೆ ಅಪಾರ್ಟ್‌ಮೆಂಟುಗಳ ಜನರೇಟರ್‌ಗಳು ಒಂದರ ಹಿಂದೆ ಒಂದು ಗುಡುಗಲು ಶುರು ಮಾಡುತ್ತವೆ. ಆ ಡೀಸೆಲ್ ಹೊಗೆ ಕಣ್ಣಿಗೆ ಕಾಣುತ್ತೆ, ಹಾಗಾಗಿ ಎಲ್ಲರೂ ಬೈಯ್ಯೋದು ಅದನ್ನೇ. 2010ರಲ್ಲಿ ಹೊರಬಂದ ಟೆರಿ ಸಂಸ್ಥೆಯ ಅಧ್ಯಯನ ನೋಡಿದರೆ ಬೆಂಗಳೂರಿನ ಗಾಳಿಯ ದೂಳುಕಣಗಳಲ್ಲಿ (ಪಿಎಂ 10) ವಾಹನಗಳ ಪಾಲು ಶೇ. 42, ರಸ್ತೆಯ ದೂಳು ಶೇ. 20, ಜನರೇಟರ್‌ಗಳದ್ದು ಶೇ. 7 ಮಾತ್ರ. ಹೊಸೂರು ರಸ್ತೆಯ ಪಕ್ಕ ಬದುಕುವವರಿಗೆ ಇದನ್ನ ಅಧ್ಯಯನ ಮಾಡಿ ಹೇಳಬೇಕಾಗಿಲ್ಲ ಬಿಡಿ. ನನ್ನ ಕುತೂಹಲ ಬೇರೆ. ಕರೆಂಟು ಇರುವಾಗ ಹೊಗೆ ಎಲ್ಲಿರುತ್ತೆ?

ಶುರುವಿನಲ್ಲಿ ಹೊಗೆ ಇರಲೇ ಇಲ್ಲ. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ಹುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅದಕ್ಕಾಗಿ ಓಡಾಡಿದವರು. ನೋಡೋಕೆ ಅವರೇ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆ ಕರೆಂಟು ಮೊದಲು ಹೋಗಿದ್ದು ಸುಮಾರು 148 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಅಲ್ಲಿಯವರೆಗೆ ಗಣಿಯ ಯಂತ್ರಗಳು ಓಡುತ್ತಿದ್ದದ್ದು ಹಬೆಯಿಂದ, ಹಬೆಗೆ ಸುಡುತ್ತಿದ್ದದ್ದು ಕಲ್ಲಿದ್ದಲು, ಕಟ್ಟಿಗೆ. ಬೆಂಗಳೂರಿನ ಬೀದಿದೀಪ ಉರಿದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್ 5ರಂದು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ಕರೆಂಟು ಸಾಲುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಗೆ ಕೈಹಾಕಲು ಇದೂ ಒಂದು ಕಾರಣ. ಶಾಲೆಯಲ್ಲಿ ನಮಗೆ ಮಂಡ್ಯದ ಗದ್ದೆ ಮಾತ್ರ ಹೇಳಿಕೊಟ್ಟಿದ್ದರು.

ಆಮೇಲೆ ಶರಾವತಿ. 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಅದರ ಕೆಳಗೆ ಸಾವಿರ ಮೆಗಾವ್ಯಾಟ್ ದಾಟಿದ ಶರಾವತಿ ಕೇಂದ್ರ. ಪೀಣ್ಯದ ಲೇತ್ ಯಂತ್ರಗಳು, ಬೆಂಗಳೂರಿನ ದೊಡ್ಡ ದೊಡ್ಡ ಸರ್ಕಾರಿ ಕಾರ್ಖಾನೆಗಳು ಬೆಳೆದದ್ದು ಇದರ ಮೇಲೆ. ನೀರಿನ ಕರೆಂಟಿಗೆ ಹೊಗೆ ಇಲ್ಲ, ನಿಜ. ಆದರೆ ಸಾಗರ, ಹೊಸನಗರದ ಕಡೆ ಮನೆ, ಅಡಿಕೆ ತೋಟ, ದೇವಸ್ಥಾನ ಎಲ್ಲಾ ನೀರಿನಡಿ ಹೋದವು.

ನೀರನ್ನೇ ನಂಬಿಕೊಂಡ ರಾಜ್ಯಕ್ಕೆ ಮಳೆ ಕೈಕೊಟ್ಟ ವರ್ಷವೆಲ್ಲ ಕತ್ತಲೆ. ಅದಕ್ಕೇ 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿ, ಕಲ್ಲಿದ್ದಲು ಸುಡಲು ಶುರುವಾಯಿತು. ಈಗ ಅಲ್ಲಿ ಎಂಟು ಘಟಕ, 1,720 ಮೆಗಾವ್ಯಾಟ್. ಆಮೇಲೆ ಬಳ್ಳಾರಿಯ ಕುಡತಿನಿ, ಉಡುಪಿಯ ಯೆಲ್ಲೂರು, ಯರಮರಸ್.

ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ನೂರು ಕೆ.ಜಿ.ಗೆ ಮೂವತ್ತರಿಂದ ನಲವತ್ತು ಕೆ.ಜಿ. ಒಂದು ಯೂನಿಟ್ ಕರೆಂಟಿಗೆ ಹತ್ತಿರಹತ್ತಿರ 600–700 ಗ್ರಾಂ ಕಲ್ಲಿದ್ದಲು ಬೇಕು, ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು ಒಂದು ಕೆ.ಜಿ. ಲೆಕ್ಕ ಹಾಕಿ ನೋಡಿ: ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆ, ಅಷ್ಟೂ ಕಲ್ಲಿದ್ದಲಿನದೇ ಅಂದುಕೊಂಡರೆ, ಶಕ್ತಿನಗರದಲ್ಲಿ ಇಪ್ಪತ್ತು ಕೆ.ಜಿ. ಬೂದಿ ಬಿಟ್ಟು ಬರುತ್ತೆ. ಒಂದಷ್ಟು ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತೆ. ಉಳಿದದ್ದು ಹೊಂಡದಲ್ಲಿ, ಬೇಸಿಗೆ ಗಾಳಿ ಎದ್ದರೆ ಅಲ್ಲಿಯವರ ಅಂಗಳದಲ್ಲಿ. ಬೊಮ್ಮನಹಳ್ಳಿಯ ಗೋಪುರಗಳಿಗೆ ಕಲ್ಲು, ಮಣ್ಣು ಹೊತ್ತವರಲ್ಲಿ ಎಷ್ಟೋ ಜನ ಅದೇ ರಾಯಚೂರು ಸೀಮೆಯವರು. ಅವರ ಶೆಡ್ಡುಗಳಿಗೆ ಜನರೇಟರ್ ಇರುವುದಿಲ್ಲ.

ನಮ್ಮ ಊರಿನಲ್ಲೂ ಕರೆಂಟು ಅಂದ್ರೆ ಸರದಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುತ್ತಿದ್ದದ್ದು ಸರಿರಾತ್ರಿಯಲ್ಲಿ. ನಮ್ಮಪ್ಪ ಬ್ಯಾಟರಿ ಹಿಡ್ಕೊಂಡು, ಹಾವು ಇದೆಯಾ ಅಂತ ಬದು ನೋಡ್ಕೊಂಡು ಮೋಟಾರ್ ಹಾಕೋಕೆ ಹೋಗ್ತಿದ್ರು. ಹಗಲಿನ ಕರೆಂಟು ಬೇರೆಯವರದ್ದು ಅಂತ ಊರಲ್ಲಿ ಎಲ್ಲರಿಗೂ ಗೊತ್ತಿತ್ತು.

ಈಗ ಹಗಲು ಕರೆಂಟಿಗೆ ಪಾವಗಡ ಬಂದಿದೆ. ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆ, 2018ರಲ್ಲಿ ಶುರು, 2019ರ ಕೊನೆಗೆ 2,050 ಮೆಗಾವ್ಯಾಟ್. ಭೂಮಿ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ. ಲಿಂಗನಮಕ್ಕಿಗಿಂತ ಇದು ಎಷ್ಟೋ ಮೇಲು ಅಂತ ನನ್ನ ಅಭಿಪ್ರಾಯ. ಆದರೂ ದುಡ್ಡು ಪಹಣಿ ಇದ್ದವನಿಗೆ. ಅವನ ಹೊಲದಲ್ಲಿ ಕೂಲಿ ಮಾಡುತ್ತಿದ್ದವಳಿಗೆ ಏನೂ ಇಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಬೊಮ್ಮನಹಳ್ಳಿಗೂ ಬಂತು. ಹೊಸೂರು ರಸ್ತೆಯ ಸ್ವಲ್ಪ ಹೊಗೆ ಅದರಿಂದ ಕಡಿಮೆಯಾಗಬಹುದು. ಮಧ್ಯಾಹ್ನದ ರೈಲಿಗೆ ಪಾವಗಡದ ಬಿಸಿಲಿದೆ. ರಾತ್ರಿ ಎಂಟರ ರೈಲಿಗೆ?

ಸೂರ್ಯ ಮುಳುಗಿದ ಮೇಲಿನ ಹೊತ್ತಿಗೆ ಈಗಿನ ಉತ್ತರ ರಾಯಚೂರು, ಬಳ್ಳಾರಿ, ಕೈಗಾ, ಶರಾವತಿ. ನಾಳಿನ ಉತ್ತರ ಅಂತ ಕೆಪಿಸಿ ಮುಂದಿಟ್ಟಿರುವುದು 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್: ಕರೆಂಟು ಹೆಚ್ಚಿದ್ದಾಗ ಗೇರುಸೊಪ್ಪದ ನೀರನ್ನು ಮೇಲಿನ ತಲಕಳಲೆಗೆ ಎತ್ತೋದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯೋದು. ತಂತ್ರಜ್ಞಾನವಾಗಿ ಚೆಂದವೇ. ಆದರೆ ಅದಕ್ಕೆ ಬೇಕಾದ ಕಾಡು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿದೆ. ಆ ಕಡೆಯ ಜನ ಬೇಡ ಅಂತಿದ್ದಾರೆ. ಲಿಂಗನಮಕ್ಕಿಗೆ ಊರು ಬಿಟ್ಟುಕೊಟ್ಟವರ ಎಷ್ಟೋ ಕುಟುಂಬಗಳು ಈಗಿರುವ ಜಾಗದ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿವೆ.