ಜವೆಯ ಮದ್ಯವೂ ತಾಳೆಯ ಕಳ್ಳೂ

ಜರ್ಮನಿಯಲ್ಲಿ ಬಿಯರೆಂಬ ಜವೆಯ ಮದ್ಯವು ಆಯಾ ಊರಿನ ಅಭಿಮಾನದ ವಸ್ತುವಾಗಿದೆ. ಬಾಂಬೆರ್ಗಿನ ಬಿಯರಿಗೆ ಮೊಳಕೆಜವೆಯನ್ನು ಹೊಗೆಯಲ್ಲಿ ಒಣಗಿಸುವರು. ಬರ್ಲಿನಿನದು ಗೋದಿ ಬೆರೆತ ಹುಳಿರುಚಿಯದು. ಬವೇರಿಯದ ಅರಸರು 1516ರಲ್ಲಿಯೇ ಜವೆ, ಹಾಪ್ಸ್ ಎಂಬ ಬಳ್ಳಿಯ ಹೂ, ನೀರು ಇವಲ್ಲದೆ ಬೇರೊಂದನ್ನು ಅದಕ್ಕೆ ಸೇರಿಸಕೂಡದೆಂದು ವಿಧಿಸಿ, ಬೆಲೆಯನ್ನೂ ಗೊತ್ತುಪಡಿಸಿದರು. ಅಂತಹ ನಾಡಿನಿಂದ ತುಳುನಾಡಿಗೆ ಬಂದವರು ಇಲ್ಲಿಯ ಕಳ್ಳಿನ ಕಸುಬನ್ನು ಹೇಗೆ ಕಂಡರೆಂಬುದು ವಿಚಾರಣೀಯವಾಗಿದೆ.

ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದುದು 1834ರಲ್ಲಿ. ಉಡುಪಿಯಲ್ಲಿ ನೆಲೆಯೂರಿದುದು 1854ರಲ್ಲಿ. ಮಿಶನ್ನು ಸ್ವಿಸ್ ನಗರದ್ದಾದರೂ ಅವರಲ್ಲಿ ಬಹುಮಂದಿ ಜರ್ಮನಿಯ ವ್ಯುರ್ಟೆಂಬೆರ್ಗ್ ಪ್ರಾಂತದವರು. ಅವರ ಸಭೆಯನ್ನು ಸೇರಿದವರಲ್ಲಿ ಬಿಲ್ಲವರು ಅನೇಕರಿದ್ದರು. ಉಡುಪಿ, ಕಾಪು, ಕಾರ್ಕಳ ಸೀಮೆಗಳಲ್ಲಿ ಈ ಜನರ ಕುಲವೃತ್ತಿಗಳಲ್ಲೊಂದು ಮೂರ್ತೆ, ಎಂದರೆ ಮರವೇರಿ ಕಳ್ಳಿಳಿಸುವುದು. ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲನೆ ತಟ್ಟಿ, ತುದಿಯನ್ನು ದಿನವೂ ತೆಳ್ಳಗೆ ಕೊಯ್ದು ಮಡಕೆಯನ್ನು ಕಟ್ಟುವುದು ಅಲ್ಪ ಕೌಶಲವಲ್ಲ. ಮಡಕೆಗೆ ಸುಣ್ಣ ಬಳಿದರೆ ರಸವು ಹುಳಿಯದೆ ಓಲೆಬೆಲ್ಲಕ್ಕೆ ಒದಗುವುದು. ಬಳಿಯದಿದ್ದರೆ ಕೆಲವು ಗಳಿಗೆಗಳಲ್ಲಿ ತಾನಾಗಿಯೇ ಕಳ್ಳಾಗುವುದು.

ಎರಡು ಮದ್ಯಗಳ ಗತಿ ಬೇರೆಯಾದುದಕ್ಕೆ ಒಂದು ಕಾರಣವು ಇಲ್ಲಿಯೇ ಉಂಟು. ಜವೆಯ ಕಾಳನ್ನು ಕೂಡಿಡಬಹುದು. ಬಿಯರನ್ನು ತಣ್ಣನೆಯ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಇರಿಸಿ ದೂರಕ್ಕೆ ಕಳುಹಬಹುದು. ಕಳ್ಳಾದರೋ ಮರವನ್ನೂ ದಿನವನ್ನೂ ಬಿಟ್ಟು ದೂರ ಹೋಗಲಾರದು. ಆದುದರಿಂದ ಅದು ನಗರದ ಕೀರ್ತಿಯಾಗದೆ ಹಳ್ಳಿಯ ಬಾಳಿನಲ್ಲಿಯೇ ಉಳಿಯಿತು.

ಕಳ್ಳು ಭೂತಗಳಿಗೂ ಸಲ್ಲುವ ವಸ್ತು. ಕಟ್ಟುನಿಟ್ಟಿನ ಭಕ್ತಪಂಥದವರಾದ ಪಾದ್ರಿಗಳು ಕ್ರೈಸ್ತನಾದವನು ಈ ವೃತ್ತಿಯನ್ನು ಬಿಡಬೇಕೆಂದರು. ಬಿಟ್ಟವನು ಜೀವನೋಪಾಯವನ್ನು ಕಳೆದುಕೊಂಡನು. ಮಂಗಳೂರಿನಲ್ಲಿ 1851ರಲ್ಲಿ ಮೊದಲಾದ ಹೊಸ ಬಗೆಯ ನೆಯ್ಗೆಯೂ, 1865ರ ಹಂಚಿನ ಕಾರ್ಖಾನೆಯೂ, ಅನಂತರ ಉಡುಪಿಯ ಬಳಿಯ ಮಲ್ಪೆಯ ಹಂಚಿನ ಉದ್ಯಮವೂ ಇಂತಹವರಿಗೆ ಕೂಲಿಯನ್ನೊದಗಿಸಿದುವು. ಮರವೇರುತ್ತಿದ್ದ ಕೈಗಳು ಮಣ್ಣನ್ನು ತುಳಿದು ಹಂಚನ್ನೊತ್ತಿದುವು. ಇದನ್ನು ಉದ್ಧಾರವೆಂದು ಮಾತ್ರ ಹೇಳುವುದು ಅರೆಮಾತು. ಒಂದು ಅನ್ನ ದೊರೆಯಿತು, ಒಂದು ವಿದ್ಯೆ ಕೈಬಿಟ್ಟಿತು.

ಆದರೂ ಕಸುಬನ್ನು ಒಪ್ಪದ ಅದೇ ಮಿಶನ್ನು ನುಡಿಯನ್ನು ಅಲ್ಲಗಳೆಯಲಿಲ್ಲ. ಮೆನ್ನರ್ ಪಾದ್ರಿಯ ತುಳು ನಿಘಂಟು 1886ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದಲೇ ಹೊರಟಿತು. ಜರ್ಮನರು ತಮ್ಮ ಬಿಯರಿಗೆ ಶಾಸನವನ್ನೂ ಚರಿತ್ರೆಯನ್ನೂ ಬರೆದಿಟ್ಟುಕೊಂಡರು. ನಮ್ಮ ಮೂರ್ತೆಯ ಚರಿತ್ರೆಯಾದರೋ ಮರವೇರಿದವರ ಮಾತಿನಲ್ಲಿದೆ. ಅದನ್ನು ಕೇಳಿ ಬರೆದಿಡುವ ಕಾರ್ಯವು ವಿದ್ವಾಂಸರ ಪಾಲಿಗೆ ಬಂದಿದೆ.